ಕೊಡಗಿನ ಹವೆಗೆ ಲಿಕ್ವಿಡ್ ಕೂಲಿಂಗ್: ಪ್ರೊಸೆಸರಿಗೆ ಯಾವುದು, ಗ್ರಾಫಿಕ್ಸ್ ಕಾರ್ಡಿಗೆ ಯಾವುದು

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕೊಡಗಿನಲ್ಲಿ ಡೆಸ್ಕ್‌ಟಾಪ್ ಕಟ್ಟಿಸುವವರಲ್ಲಿ ಹೆಚ್ಚಿನವರ ಪ್ರೊಸೆಸರಿಗೆ ಲಿಕ್ವಿಡ್ ಕೂಲರ್ ಬೇಕಿಲ್ಲ, ಲೋಹದ ರೆಕ್ಕೆಗಳ ಎರಡು ಗೋಪುರ ಇರುವ ಒಳ್ಳೆಯ ಏರ್ ಕೂಲರ್ ಸಾಕು. 250 ವ್ಯಾಟ್‌ನಷ್ಟು ವಿದ್ಯುತ್ತನ್ನು ಗಂಟೆಗಟ್ಟಲೆ ಎಳೆಯುವ ಪ್ರೊಸೆಸರ್ ಇದ್ದವರು 360 ಮಿ.ಮೀ. ರೇಡಿಯೇಟರಿನ ಎಐಒ, ಅಂದರೆ ಪಂಪ್, ಕೊಳವೆ, ರೇಡಿಯೇಟರ್ ಎಲ್ಲ ಒಂದಾಗಿ ದ್ರವ ತುಂಬಿ ಸೀಲ್ ಮಾಡಿ ಬರುವ ಕೂಲರ್, ತೆಗೆದುಕೊಳ್ಳಲಿ. ಗ್ರಾಫಿಕ್ಸ್ ಕಾರ್ಡಿಗೆ ನೀರು ಕೊಟ್ಟರೆ ಸಿಗುವ ಲಾಭ ಪ್ರೊಸೆಸರಿಗೆ ಸಿಗುವುದಕ್ಕಿಂತ ದೊಡ್ಡದು. ಎಡವಟ್ಟಾದರೆ ಹೋಗುವ ದುಡ್ಡೂ ದೊಡ್ಡದೇ. ಹಾಗಾಗಿ ಅದು ವರ್ಷಕ್ಕೊಮ್ಮೆ ಇಡೀ ಯಂತ್ರ ಬಿಚ್ಚಿ ಕಟ್ಟುವ ತಾಳ್ಮೆ ಇರುವವರಿಗೆ ಮಾತ್ರ.

ಈ ತೀರ್ಪಿಗೆ ಉಷ್ಣಾಂಶ ಒಂದೇ ಅಳತೆಗೋಲಲ್ಲ. ಕೂಲರ್ ಕೆಟ್ಟ ದಿನ ಏನಾಗುತ್ತದೆ ಎಂಬುದನ್ನೂ ತೂಗಿ ನೋಡಿದ್ದೇವೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಕಂಪ್ಯೂಟರ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರಸ್ತೆ ಅದರ ಇಮ್ಮಡಿಗೂ ಹೆಚ್ಚು. ಏರ್ ಕೂಲರಿನ ಫ್ಯಾನ್ ನಿಂತರೆ ಯಾವುದೇ 120 ಮಿ.ಮೀ. ಫ್ಯಾನನ್ನು ಕಟ್ಟಿ ಅದೇ ಸಂಜೆ ಕೆಲಸ ಮುಂದುವರಿಸಬಹುದು. ಎಐಒದ ಪಂಪ್ ನಿಂತರೆ ಇಡೀ ಕೂಲರನ್ನೇ ಬಿಚ್ಚಿ ವಾರಂಟಿಗೆ ಕಳಿಸಬೇಕು, ಅದು ಮರಳಿ ಬರುವ ತನಕ ಕಾಯಬೇಕು. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿದರೆ ಆ ಕಾಯುವಿಕೆಗೆ ಲೆಕ್ಕವೇ ಇಲ್ಲ. ಹೋಮ್‌ಸ್ಟೇ ವಿಡಿಯೊ ಎಡಿಟಿಂಗ್, ಕಟ್ಟಡಗಳ ತ್ರೀಡಿ ರೆಂಡರ್, ಡ್ರೋನ್ ಮ್ಯಾಪಿಂಗ್ ಮಾಡಿ ಜೀವನ ನಡೆಸುವವರು ಐದಾರು ಡಿಗ್ರಿಯ ತಂಪಿಗಿಂತ ಇದನ್ನೇ ಮೊದಲು ಯೋಚಿಸಬೇಕು.

ಹವೆಯ ಲೆಕ್ಕ

ಗಾಳಿಯದಾಗಲಿ ನೀರಿನದಾಗಲಿ, ಸಾಮಾನ್ಯ ಕೂಲರ್ ಯಾವುದೂ ಚಿಪ್ಪನ್ನು ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರದು. ಕೋಣೆಗಿಂತ ಚಿಪ್ ಎಷ್ಟು ಡಿಗ್ರಿ ಮೇಲೆ ನಿಲ್ಲುತ್ತದೆ ಎಂಬುದಷ್ಟೇ ಅದರ ಕೈಯಲ್ಲಿದೆ. ಮಂಗಳೂರಿನ 33 ಡಿಗ್ರಿಯ ಕೋಣೆಯಲ್ಲಿ 88 ತೋರಿಸುವ ಯಂತ್ರವನ್ನು ಮಡಿಕೇರಿಯ 22 ಡಿಗ್ರಿಯ ಕೋಣೆಯಲ್ಲಿಟ್ಟರೆ 77ರ ಆಸುಪಾಸಿನಲ್ಲಿ ನಿಲ್ಲುತ್ತದೆ. ದುಬಾರಿ ಕೂಲರಿಗೂ ಅಗ್ಗದ ಕೂಲರಿಗೂ ಸಾಮಾನ್ಯವಾಗಿ ಇರುವ ವ್ಯತ್ಯಾಸಕ್ಕಿಂತ ಇದು ಹೆಚ್ಚು. ಮಡಿಕೇರಿ, ಸೋಮವಾರಪೇಟೆ, ಭಾಗಮಂಡಲದ ಕಡೆಯವರಿಗೆ ವರ್ಷದ ಬಹುಪಾಲು ಈ ಅನುಕೂಲ ಪುಕ್ಕಟೆ. ಕುಶಾಲನಗರದ ಏಪ್ರಿಲ್ ಮಧ್ಯಾಹ್ನಕ್ಕೆ ಮಾತ್ರ ಇದು ಅನ್ವಯಿಸದು. ಅಲ್ಲಿಯವರು ಮೈಸೂರಿನ ಲೆಕ್ಕವನ್ನೇ ಹಿಡಿಯಬೇಕು.

ಎತ್ತರದಿಂದ ಒಂದು ಸಣ್ಣ ನಷ್ಟವೂ ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿ ಶೇಕಡ ಹತ್ತು ಹನ್ನೆರಡರಷ್ಟು ತೆಳು, ಆದ್ದರಿಂದ ಅದೇ ವೇಗದಲ್ಲಿ ತಿರುಗುವ ಫ್ಯಾನ್ ಅಷ್ಟೇ ಕಡಿಮೆ ತೂಕದ ಗಾಳಿಯನ್ನು ತಳ್ಳುತ್ತದೆ. ಕಂಪನಿಯ ಪೆಟ್ಟಿಗೆಯ ಮೇಲಿನ ಅಂಕಿಗಳು ಇಲ್ಲಿ ಪೂರ್ತಿ ಹೊಂದದಿರಲು ಇದೊಂದು ಕಾರಣ. 1,000 ಆರ್‌ಪಿಎಂನಲ್ಲಿ ಓಡಿಸುವ ಫ್ಯಾನನ್ನು 1,100ಕ್ಕೆ ಏರಿಸಿದರೆ ಸರಿಹೋಗುತ್ತದೆ, ಅದಕ್ಕಾಗಿ ದೊಡ್ಡ ರೇಡಿಯೇಟರ್ ಕೊಳ್ಳಬೇಕಿಲ್ಲ.

ಇನ್ನು ಎಲ್ಲರೂ ಹೆದರುವ ವಿಷಯ: ಕಕ್ಕಡ ತಿಂಗಳ ಜಡಿಮಳೆಯಲ್ಲಿ ಗೋಡೆಯೇ ಬೆವರುವಾಗ ನೀರಿನ ಕೂಲರಿನ ಮೇಲೆ ಹನಿ ಕೂತು ಮದರ್‌ಬೋರ್ಡ್ ಸುಟ್ಟುಹೋಗದೇ? ಸಾಮಾನ್ಯ ಲಿಕ್ವಿಡ್ ಕೂಲರಿನಲ್ಲಿ ಹಾಗಾಗದು. ಕೋಣೆ 20 ಡಿಗ್ರಿ ಇದ್ದು ತೇವಾಂಶ ಶೇ 90 ಇದ್ದರೆ ಹನಿಗಟ್ಟುವ ಮಟ್ಟ ಸುಮಾರು 18 ಡಿಗ್ರಿ. ಯಂತ್ರ ಓಡುವಾಗ ಕೊಳವೆಯೊಳಗಿನ ದ್ರವ ಯಾವಾಗಲೂ ಕೋಣೆಗಿಂತ ಬಿಸಿ, ಆದ್ದರಿಂದ ಅದರ ಹೊರಮೈ ಆ ಮಟ್ಟಕ್ಕೆ ಇಳಿಯುವ ಮಾತೇ ಇಲ್ಲ. ಆದರೆ 2020ರ ಕೊನೆಯಲ್ಲಿ ಇಂಟೆಲ್‌ನ ಕ್ರಯೋ ತಂತ್ರದೊಂದಿಗೆ ಬಂದ ಕೂಲರ್ ಮಾಸ್ಟರ್ ಎಂಎಲ್360 ಸಬ್-ಜೀರೊ ಥರದವುಗಳ ಮಾತು ಬೇರೆ. ಅವುಗಳಲ್ಲಿ ವಿದ್ಯುತ್ತಿನಿಂದಲೇ ತಣ್ಣಗಾಗುವ ಪೆಲ್ಟಿಯರ್ ಬಿಲ್ಲೆ ಇರುತ್ತದೆ, ಅದು ಕೋಣೆಗಿಂತ ಕೆಳಗೆ ಇಳಿಯಬಲ್ಲದು. ಸೆಕೆಂಡ್‌ಹ್ಯಾಂಡ್‌ನಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಡಗಿಗೆ ಅದನ್ನು ತರಬೇಡಿ. ಫ್ರಿಜ್ಜಿನಂತೆ ನೀರನ್ನೇ ತಣಿಸುವ ವಾಟರ್ ಚಿಲ್ಲರಿಗೂ ಇದೇ ಮಾತು.

ಪ್ರೊಸೆಸರ್ ಎಳೆಯುವ ವ್ಯಾಟ್ ನೋಡಿ ಆರಿಸಿ

ಅಂಗಡಿಯವರು ‘ಐ7 ಅಂದರೆ ಲಿಕ್ವಿಡ್ ಬೇಕೇ ಬೇಕು’ ಅನ್ನುತ್ತಾರೆ. ಹೆಸರು ನೋಡಬೇಡಿ, ವ್ಯಾಟ್ ನೋಡಿ. ರೈಜೆನ್ 5 7600 ಪೂರ್ತಿ ದುಡಿದರೂ 88 ವ್ಯಾಟ್‌ನ ಮಿತಿ ದಾಟುವುದಿಲ್ಲ, ಅದಕ್ಕೆ ಡೀಪ್‌ಕೂಲ್ ಎಕೆ400ರಂಥ ಒಂಟಿ ಗೋಪುರ ಸಾಕು. ರೈಜೆನ್ 7 7800ಎಕ್ಸ್3ಡಿ ಕಾಗದದ ಮೇಲೆ 120 ವ್ಯಾಟ್‌ನದು, ಆಟ ಆಡುವಾಗ ಎಳೆಯುವುದು ಅದಕ್ಕಿಂತ ಎಷ್ಟೋ ಕಡಿಮೆ. ಅದಕ್ಕೆ 360ರ ಎಐಒ ಹಾಕಿಸುವುದು ದುಡ್ಡು ಚೆಲ್ಲಿದಂತೆ. ಐ5-14600ಕೆಯ ಗರಿಷ್ಠ ಮಿತಿ 181 ವ್ಯಾಟ್. ಡೀಪ್‌ಕೂಲ್ ಎಕೆ620 ಅಥವಾ ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಅದನ್ನು ಮಡಿಕೇರಿಯ ಹವೆಯಲ್ಲಿ ನಿರಾಯಾಸವಾಗಿ ನಿಭಾಯಿಸುತ್ತವೆ. ಇವೆರಡರ ಎತ್ತರ ಕ್ರಮವಾಗಿ 160 ಮತ್ತು 155 ಮಿ.ಮೀ., ನೋಕ್ಟುವಾ ಎನ್‌ಎಚ್-ಡಿ15 ಆದರೆ 165. ಕ್ಯಾಬಿನೆಟ್ಟಿನ ವಿವರದಲ್ಲಿ ಕೂಲರ್ ಎತ್ತರದ ಮಿತಿ ನೋಡಿಕೊಂಡೇ ಆರ್ಡರ್ ಮಾಡಿ.

ಲಿಕ್ವಿಡ್ ನಿಜವಾಗಿ ಕೆಲಸಕ್ಕೆ ಬರುವುದು ಐ7-14700ಕೆ, ಐ9-14900ಕೆಗಳಂಥ 253 ವ್ಯಾಟ್‌ನ ಚಿಪ್‌ಗಳಲ್ಲಿ, ಮತ್ತು 230 ವ್ಯಾಟ್ ಮಿತಿಯ ರೈಜೆನ್ 9 7950ಎಕ್ಸ್, 9950ಎಕ್ಸ್‌ಗಳಲ್ಲಿ. ಅದೂ ಎಲ್ಲ ಕೋರ್‌ಗಳನ್ನೂ ತಾಸುಗಟ್ಟಲೆ ದುಡಿಸುವ ಕೆಲಸವಿದ್ದರೆ. 7950ಎಕ್ಸ್ ಬಗ್ಗೆ ಒಂದು ಮಾತು ತಿಳಿದಿರಲಿ: 95 ಡಿಗ್ರಿ ಮುಟ್ಟುವ ತನಕ ವೇಗ ಏರಿಸುತ್ತ ಹೋಗುವಂತೆ ಅದನ್ನು ರೂಪಿಸಿದ್ದಾರೆ. ದೊಡ್ಡ ಕೂಲರ್ ಹಾಕಿದರೂ ಭಾರೀ ಕೆಲಸದಲ್ಲಿ ಪರದೆಯ ಮೇಲೆ 95ರ ಹತ್ತಿರದ ಅಂಕಿಯೇ ಕಾಣಬಹುದು. ಕೂಲರಿನ ಲಾಭ ಕಾಣುವುದು ಪ್ರೊಸೆಸರ್ ಓಡುವ ವೇಗದಲ್ಲಿ (ಕ್ಲಾಕ್ ಸ್ಪೀಡ್). ಇದು ಗೊತ್ತಿಲ್ಲದೆ ಒಳ್ಳೆಯ ಕೂಲರನ್ನು ಕೆಟ್ಟದ್ದೆಂದು ವಾಪಸ್ ಮಾಡುವವರಿದ್ದಾರೆ.

ದುಡ್ಡು ಖರ್ಚು ಮಾಡುವ ಮುಂಚೆ ಬಯಾಸ್, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ, ತೆರೆದು ನೋಡಿ. ರೈಜೆನ್‌ನಲ್ಲಿ ವಿದ್ಯುತ್ತಿಗೆ ಮಿತಿ ಹಾಕುವ ಇಕೋ ಮೋಡನ್ನು 105 ವ್ಯಾಟ್‌ಗೆ ಇಟ್ಟರೆ ವೇಗದಲ್ಲಿ ಸ್ವಲ್ಪವೇ ಕಳೆದುಕೊಂಡು ಬಿಸಿಯನ್ನು ಬಹಳ ಇಳಿಸಬಹುದು. 13 ಮತ್ತು 14ನೇ ಪೀಳಿಗೆಯ ಇಂಟೆಲ್ ಕೆ-ಚಿಪ್ (ಹೆಸರಿನ ಕೊನೆಗೆ ‘ಕೆ’ ಇರುವುದು) ಇದ್ದರೆ ‘ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್’ ಆಯ್ದು, 2024ರ ಆಗಸ್ಟ್‌ನ ನಂತರದ ಮೈಕ್ರೋಕೋಡ್ (ಪ್ರೊಸೆಸರಿನ ಒಳಸೂಚನೆಗಳು) ಇರುವ ಬಯಾಸ್ ಹಾಕಿಸಿ. ಆ ಚಿಪ್‌ಗಳು ಅತಿ ವೋಲ್ಟೇಜಿನಿಂದ ಸವೆದು ಯಂತ್ರ ಪದೇ ಪದೇ ನಿಲ್ಲುತ್ತಿದ್ದ ತೊಂದರೆಗೆ ಇಂಟೆಲ್ ಕೊಟ್ಟ ಪರಿಹಾರ ಅದು. ಲಿಕ್ವಿಡ್ ಕೂಲರ್ ಹಾಕಿದರೆ ಆ ರೋಗ ವಾಸಿಯಾಗುವುದಿಲ್ಲ.

ಎಐಒಗಳಲ್ಲಿ ನಮ್ಮ ಆಯ್ಕೆ: ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3, 360

ಇದನ್ನು ಆರಿಸಲು ಮೂರು ಕಾರಣ. ರೇಡಿಯೇಟರ್ 38 ಮಿ.ಮೀ. ದಪ್ಪ. ಮಾರುಕಟ್ಟೆಯ ಬಹುಪಾಲು ಎಐಒಗಳಲ್ಲಿ ಅದು 27 ಮಾತ್ರ. ದಪ್ಪ ಹೆಚ್ಚಿದ್ದರಿಂದ ಕಡಿಮೆ ಫ್ಯಾನ್ ವೇಗದಲ್ಲೇ ಕೆಲಸ ಸಾಗುತ್ತದೆ, ತೋಟದ ನಡುವಿನ ನಿಶ್ಶಬ್ದ ಮನೆಯಲ್ಲಿ ರಾತ್ರಿ ರೆಂಡರ್‌ಗೆ ಬಿಟ್ಟಾಗ ಇದು ಕಿವಿಗೇ ಗೊತ್ತಾಗುತ್ತದೆ. ಪಂಪಿನ ತಲೆಯ ಮೇಲೆ ಸಣ್ಣದೊಂದು ಫ್ಯಾನಿದೆ. ಪ್ರೊಸೆಸರ್ ಸುತ್ತಲಿನ ವೋಲ್ಟೇಜ್ ಬಿಡಿಭಾಗಗಳಿಗೆ ಅದು ಗಾಳಿ ಊದುತ್ತದೆ. ಏರ್ ಕೂಲರ್ ತೆಗೆದು ಲಿಕ್ವಿಡ್ ಹಾಕಿದಾಗ ಆ ಜಾಗಕ್ಕೆ ಗಾಳಿಯೇ ಸಿಗದಂತಾಗುತ್ತದೆ, ಅಗ್ಗದ ಮದರ್‌ಬೋರ್ಡ್‌ಗಳಲ್ಲಿ ಅದರಿಂದಲೇ ವೇಗ ಕುಸಿಯುತ್ತದೆ. ಮೂರನೆಯದು ಆರು ವರ್ಷದ ವಾರಂಟಿ. ಬಣ್ಣದ ದೀಪವಿಲ್ಲದ ಮಾದರಿ ಇರುವುದೂ ನಮ್ಮ ದೃಷ್ಟಿಯಲ್ಲಿ ಒಳ್ಳೆಯದೇ. ಮೊದಲ ಮಳೆ ಬಿದ್ದ ಸಂಜೆ ಈಸಲು ಹುಳುಗಳೆಲ್ಲ ಬೆಳಕಿದ್ದಲ್ಲಿಗೇ ಬರುತ್ತವೆ. ಮಿನುಗುವ ಫ್ಯಾನ್‌ಗಳ ಕ್ಯಾಬಿನೆಟ್ಟಿನ ಜಾಲರಿಯಲ್ಲಿ ಅವುಗಳ ರೆಕ್ಕೆ ತುಂಬಿದರೆ ಮರುದಿನ ಉಷ್ಣಾಂಶ ಏರಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇದರ ತೊಡಕೂ ದಪ್ಪವೇ. 38 ಮಿ.ಮೀ. ರೇಡಿಯೇಟರ್, 25 ಮಿ.ಮೀ. ಫ್ಯಾನ್ ಸೇರಿ 63 ಮಿ.ಮೀ. ಬೇಕು. ‘360 ಬೆಂಬಲ’ ಎಂದು ಬರೆದ ಎಷ್ಟೋ ಕ್ಯಾಬಿನೆಟ್‌ಗಳ ಮೇಲ್ಭಾಗದಲ್ಲಿ ಅಷ್ಟು ಜಾಗವಿಲ್ಲ. ಮದರ್‌ಬೋರ್ಡಿನ ಮೇಲಂಚಿನಿಂದ ಕ್ಯಾಬಿನೆಟ್ ಚಾವಣಿಗೆ ಇರುವ ಅಂತರ, ರ‍್ಯಾಮ್ ಪಟ್ಟಿಯ ಎತ್ತರ, ವೋಲ್ಟೇಜ್ ಭಾಗದ ಹೀಟ್‌ಸಿಂಕ್ ಎಷ್ಟು ಎದ್ದಿದೆ ಎಂಬ ಮೂರನ್ನೂ ಟೇಪಿನಲ್ಲಿ ಅಳೆಯಿರಿ. ಉದ್ದ 398 ಮಿ.ಮೀ. ಇದೆ, ಅದನ್ನೂ ಮರೆಯಬೇಡಿ. ಜಾಗ ಸಾಲದಿದ್ದರೆ 27 ಮಿ.ಮೀ. ರೇಡಿಯೇಟರಿನ ಡೀಪ್‌ಕೂಲ್ ಎಲ್‌ಎಸ್720 ಎರಡನೇ ಆಯ್ಕೆ. ಅದರ ರೇಡಿಯೇಟರಿನೊಳಗೆ ಒತ್ತಡ ಸರಿದೂಗಿಸುವ ರಬ್ಬರ್ ಚೀಲವಿದೆ. ಪಂಪಿನ ತಲೆಯ ಮೇಲೆ ಪರದೆ ಇರುವ ದುಬಾರಿ ಮಾದರಿಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ಆ ಹಣ ತಂಪಿಗೆ ಹೋಗುವುದಿಲ್ಲ, ಪರದೆಗೆ ಹೋಗುತ್ತದೆ.

ಹಳೆಯ ಲಿಕ್ವಿಡ್ ಫ್ರೀಜರ್ 2 ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕರೆ ಜಾಗ್ರತೆ. ಅದರ ಕೆಲವು ಬ್ಯಾಚ್‌ಗಳಲ್ಲಿ ಪ್ರೊಸೆಸರಿಗೆ ತಾಗುವ ತಾಮ್ರದ ತಟ್ಟೆಯ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ದೋಷದಿಂದ ಕೂಡಿತ್ತೆಂದು ಕಂಪನಿಯೇ 2022ರಲ್ಲಿ ಪ್ರಕಟಿಸಿ, ಬದಲಿಸಲು ಕಿಟ್ ಕೊಟ್ಟಿತ್ತು. ಅದನ್ನು ಬದಲಿಸಿದ್ದಾರೆಯೇ ಎಂದು ಮಾರುವವರನ್ನು ಕೇಳದೆ ಹಣ ಕೊಡಬೇಡಿ.

ಕೂರಿಸುವಾಗ ಎಲ್ಲಿ ತಪ್ಪುತ್ತದೆ

ಎಐಒ ಬೇಗ ಸಾಯುವುದಕ್ಕೆ ಒಂದು ಮುಖ್ಯ ಕಾರಣ ಗಾಳಿಯ ಗುಳ್ಳೆ. ಕಾರ್ಖಾನೆಯಲ್ಲಿ ತುಂಬಿದಾಗಲೇ ಸ್ವಲ್ಪ ಗಾಳಿ ಒಳಗಿರುತ್ತದೆ, ವರ್ಷಗಳು ಕಳೆದಂತೆ ಕೊಳವೆಯ ಗೋಡೆಯ ಮೂಲಕ ದ್ರವ ಆವಿಯಾಗಿ ಹೋಗಿ ಗಾಳಿ ಹೆಚ್ಚುತ್ತದೆ. ಗಾಳಿ ಮೇಲಕ್ಕೇ ಹೋಗುತ್ತದೆ. ರೇಡಿಯೇಟರಿನ ತುದಿ ಪಂಪಿಗಿಂತ ಮೇಲಿದ್ದರೆ ಗುಳ್ಳೆ ಅಲ್ಲಿ ಕೂತು ಯಾರಿಗೂ ತೊಂದರೆ ಕೊಡುವುದಿಲ್ಲ. ಪಂಪ್ ಮೇಲಿದ್ದರೆ ಗುಳ್ಳೆ ಪಂಪಿಗೇ ಬಂದು, ಗುಳುಗುಳು ಸದ್ದು ಮಾಡಿ, ದ್ರವವಿಲ್ಲದೆ ತಿರುಗಿದ ಪಂಪ್ ಸವೆಯುತ್ತದೆ. ಹಾಗಾಗಿ ಕ್ಯಾಬಿನೆಟ್ಟಿನ ಚಾವಣಿಯೇ ಮೊದಲ ಜಾಗ. ಮುಂಭಾಗದಲ್ಲಿ ಕೂರಿಸಬೇಕಾದರೆ ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ. ಉದ್ದ ಸಾಲುವುದಾದರೆ ಕೊಳವೆಗಳು ರೇಡಿಯೇಟರಿನ ಕೆಳತುದಿಯಿಂದ ಹೊರಡಲಿ. ಕ್ಯಾಬಿನೆಟ್ಟಿನ ತಳದಲ್ಲಿ ರೇಡಿಯೇಟರ್ ಎಂದಿಗೂ ಬೇಡ.

ಇಂಟೆಲ್ ಎಲ್‌ಜಿಎ1700 ಸಾಕೆಟ್ಟಿಗೆ (12ರಿಂದ 14ನೇ ಪೀಳಿಗೆಯ ಪ್ರೊಸೆಸರ್ ಕೂರುವ ಜಾಗಕ್ಕೆ) ಲಿಕ್ವಿಡ್ ಫ್ರೀಜರ್ 3ರ ಜೊತೆ ಒಂದು ಲೋಹದ ಚೌಕಟ್ಟು ಬರುತ್ತದೆ. ಮೂಲ ಹಿಡಿಕೆ ಪ್ರೊಸೆಸರನ್ನು ನಡುವೆ ಮಾತ್ರ ಒತ್ತಿ ಬಾಗಿಸುತ್ತದೆ, ಈ ಚೌಕಟ್ಟು ಸುತ್ತಲೂ ಸಮನಾಗಿ ಒತ್ತುತ್ತದೆ. ಹಾಕುವಾಗ ನಾಲ್ಕೂ ಸ್ಕ್ರೂಗಳನ್ನು ಕರ್ಣಕ್ಕೆ ಕರ್ಣ, ಕಾಲು ಸುತ್ತಿನಂತೆ ಬಿಗಿಮಾಡುತ್ತ ಹೋಗಿ. ಒಂದನ್ನೇ ಪೂರ್ತಿ ಬಿಗಿದರೆ ಪಿನ್‌ಗಳ ಮೇಲೆ ಒತ್ತಡ ಓರೆಯಾಗಿ ಒಂದು ರ‍್ಯಾಮ್ ಚಾನಲ್ ಕಾಣೆಯಾಗುವುದುಂಟು. ರ‍್ಯಾಮ್ ಕೆಟ್ಟಿತೆಂದು ಹೊಸದು ತರುವ ಮೊದಲು ಈ ಸ್ಕ್ರೂಗಳನ್ನು ಸ್ವಲ್ಪ ಸಡಿಲಿಸಿ ನೋಡಿ. ತೆಗೆದ ಮೂಲ ಹಿಡಿಕೆಯನ್ನು ಎಸೆಯಬೇಡಿ, ಮದರ್‌ಬೋರ್ಡ್ ವಾರಂಟಿಗೆ ಕಳಿಸುವಾಗ ಅದನ್ನೇ ಮರಳಿ ಹಾಕಬೇಕು. ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಇದ್ದರೆ ಕಿತ್ತು ಹಾಕಿ. ಇಷ್ಟು ಸಣ್ಣ ವಿಷಯ ಹೇಳಬೇಕೇ ಅನಿಸಬಹುದು, ಆದರೆ ಹೊಸ ಕೂಲರಿನಲ್ಲಿ ಮೊದಲ ನಿಮಿಷವೇ 100 ಡಿಗ್ರಿ ಕಂಡರೆ ಮೊದಲು ನೋಡಬೇಕಾದ್ದು ಅದನ್ನೇ.

ರೇಡಿಯೇಟರಿಗೆ ಪೆಟ್ಟಿಗೆಯಲ್ಲಿ ಬಂದ ಸ್ಕ್ರೂಗಳನ್ನೇ ಬಳಸಿ. ಉದ್ದದ ಸ್ಕ್ರೂ ಹಾಕಿದರೆ ರೆಕ್ಕೆಗಳ ನಡುವಿನ ನೀರಿನ ದಾರಿಗೇ ತೂತು ಬೀಳುತ್ತದೆ, ಅದಕ್ಕೆ ಯಾವ ವಾರಂಟಿಯೂ ಇಲ್ಲ. ಲಿಕ್ವಿಡ್ ಫ್ರೀಜರಿನಲ್ಲಿ ಎರಡು ಬಗೆಯ ಕೇಬಲ್ ಕೊಟ್ಟಿರುತ್ತಾರೆ. ಒಂದೇ ಪ್ಲಗ್‌ನಲ್ಲಿ ಎಲ್ಲವೂ ಓಡುವುದು ಒಂದು, ಪಂಪ್, ರೇಡಿಯೇಟರ್ ಫ್ಯಾನ್, ಸಣ್ಣ ಫ್ಯಾನ್ ಮೂರನ್ನೂ ಬೇರೆ ಮಾಡುವುದು ಇನ್ನೊಂದು. ಎರಡನೆಯದನ್ನು ಹಾಕಿ, ಪಂಪನ್ನು ಒಂದೇ ವೇಗಕ್ಕೆ ಕಟ್ಟಿಡಿ. ಫ್ಯಾನ್‌ಗಳಿಗೆ ಬಯಾಸ್‌ನಲ್ಲಿ ಏರಿಳಿತದ ವಿಳಂಬವನ್ನು ಐದಾರು ಸೆಕೆಂಡ್ ಇಡಿ. ಪ್ರೊಸೆಸರ್ ಕ್ಷಣಕ್ಕೊಮ್ಮೆ ಜಿಗಿದರೂ ದ್ರವ ನಿಧಾನವಾಗಿ ಬಿಸಿಯಾಗುವುದರಿಂದ ಫ್ಯಾನ್ ಪ್ರತಿ ಜಿಗಿತಕ್ಕೂ ಅಬ್ಬರಿಸುವ ಅಗತ್ಯವಿಲ್ಲ.

ಕೆಟ್ಟಿದೆಯೇ ಎಂದು ತಿಳಿಯಲು ಕೈಯೇ ಸಾಕು. ಪ್ರೊಸೆಸರ್ 90 ತೋರಿಸುತ್ತಿದ್ದಾಗ ಎರಡೂ ಕೊಳವೆ, ರೇಡಿಯೇಟರ್ ಎಲ್ಲ ಬೆಚ್ಚಗಿದ್ದರೆ ದ್ರವ ಹರಿಯುತ್ತಿದೆ, ತೊಂದರೆ ಫ್ಯಾನಿನದೋ ಧೂಳಿನದೋ. ರೇಡಿಯೇಟರ್ ತಣ್ಣಗಿದ್ದು ಪಂಪಿನ ಬುಡ ಮಾತ್ರ ಸುಡುತ್ತಿದ್ದರೆ ಹರಿವು ನಿಂತಿದೆ. ದಿಢೀರನೆ ಹೀಗಾದರೆ ಪಂಪ್ ಹೋಗಿದೆ. ವಾರಗಳಿಂದ ಸ್ವಲ್ಪ ಸ್ವಲ್ಪವೇ ಏರುತ್ತ ಬಂದಿದ್ದರೆ ತಟ್ಟೆಯ ಸಣ್ಣ ಗೀರುಗಳಲ್ಲಿ ಗಸಿ ಕಟ್ಟಿದೆ. ಎರಡಕ್ಕೂ ಮದ್ದು ವಾರಂಟಿಯೇ.

ಮಳೆಗಾಲ

ಕರೆಂಟು ಹೋದಾಗ ಪಂಪ್ ನಿಂತರೆ ಪ್ರೊಸೆಸರ್ ಬೇಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪಂಪಿನ ಜೊತೆ ಪ್ರೊಸೆಸರೂ ಅದೇ ಕ್ಷಣ ನಿಲ್ಲುವುದರಿಂದ ಭಯವಿಲ್ಲ. ಲೈನಿನ ಮೇಲೆ ಮರ ಬಿದ್ದು ಕರೆಂಟು ಬಂದು ಹೋಗಿ ಮಾಡುವ ದಿನಗಳಲ್ಲಿ ಏಟು ಬೀಳುವುದು ಎಸ್‌ಎಂಪಿಎಸ್‌ಗೆ, ಅಂದರೆ ಯಂತ್ರದ ಪವರ್ ಸಪ್ಲೈಗೆ. ಅದರ ಮೈಮೇಲೆ 100–240 ವೋಲ್ಟ್ ಎಂದು ಬರೆದಿರಲಿ. ಸಂಜೆ ವೋಲ್ಟೇಜ್ ಬಿದ್ದಾಗಲೂ ಅದು 12 ವೋಲ್ಟನ್ನು ಸರಿಯಾಗಿ ಕೊಡುತ್ತದೆ, ಪಂಪಿಗೆ ಬೇಕಿರುವುದು ಅಷ್ಟೇ.

ತೇವದಲ್ಲಿ ಧೂಳು ಒಣಗಿ ಹಾರುವುದಿಲ್ಲ, ರೇಡಿಯೇಟರಿನ ರೆಕ್ಕೆಗಳಿಗೆ ಅಂಟಿ ಪದರವಾಗುತ್ತದೆ, ಅದರ ಮೇಲೆ ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಮೂರು ತಿಂಗಳಿಗೊಮ್ಮೆ ಸಾಕಾಗುವ ಶುಚಿಯನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಮಾಡಿ. ಮೆತ್ತಗಿನ ಪೇಂಟ್ ಬ್ರಷ್, ಆಮೇಲೆ ಬ್ಲೋಯರ್. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು. ಕ್ಯಾಬಿನೆಟ್ ನೆಲದ ಮೇಲೆ ಬೇಡ, ಒದ್ದೆ ಗೋಡೆಗೆ ಒಂದು ಗೇಣು ದೂರ ಇರಲಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದರಿಂದ ಏನೂ ಉಪಯೋಗವಿಲ್ಲ, ನಿಮಿಷ ನಿಮಿಷಕ್ಕೂ ಹೊಸ ಗಾಳಿ ನುಗ್ಗುವ ಪೆಟ್ಟಿಗೆ ಅದು. ದಿನಕ್ಕೊಂದು ತಾಸು ಯಂತ್ರ ಓಡಿಸಿದರೆ ಅದರ ಬಿಸಿಯೇ ತೇವವನ್ನು ಓಡಿಸುತ್ತದೆ. ತೋಟದ ಮನೆಗಳಲ್ಲಿ ಇಲಿ ಕಾಟ ಇದ್ದೇ ಇರುತ್ತದೆ. ಪಕ್ಕದ ಗಾಜು ತೆಗೆದಿಟ್ಟು ಓಡಿಸುವ ಅಭ್ಯಾಸ ಬಿಡಿ, ಕಚ್ಚಿದ ಕೊಳವೆಗೆ ವಾರಂಟಿ ಇಲ್ಲ.

ಗ್ರಾಫಿಕ್ಸ್ ಕಾರ್ಡಿಗೆ ನೀರು

ಬಿಸಿಯ ನಿಜವಾದ ಮೂಲ ಇದು. ಆರ್‌ಟಿಎಕ್ಸ್ 4070 ಸೂಪರ್ 220 ವ್ಯಾಟ್, 4080 320, 4090 450, 5090 575. ಗ್ರಾಫಿಕ್ಸ್ ಚಿಪ್ಪಿನ ಮೇಲೆ ಪ್ರೊಸೆಸರಿಗಿರುವಂತೆ ಲೋಹದ ಮುಚ್ಚಳ ಇರುವುದಿಲ್ಲ, ಚಿಪ್ ದೊಡ್ಡದು, ಹಾಗಾಗಿ ನೀರಿನ ತಟ್ಟೆ ನೇರ ತಾಗಿ ಬಿಸಿಯನ್ನು ಚೆನ್ನಾಗಿ ಹೀರುತ್ತದೆ. ಗಾಳಿಯಲ್ಲಿ 65–70 ಡಿಗ್ರಿಯಲ್ಲಿ ಓಡುವ 4090 ಒಳ್ಳೆಯ ಲೂಪ್‌ನಲ್ಲಿ (ಪಂಪ್, ಕೊಳವೆ, ರೇಡಿಯೇಟರ್ ಜೋಡಿಸಿದ ನೀರಿನ ಸುತ್ತಿನಲ್ಲಿ) 50ರ ಆಸುಪಾಸಿಗೆ ಇಳಿಯುತ್ತದೆ. ಆದರೂ ವೇಗದಲ್ಲಿ ಸಿಗುವುದು ಶೇ ಎರಡು ಮೂರು, ಅಷ್ಟೇ. ಲಾಭವಿರುವುದು ಸದ್ದು ತಗ್ಗುವುದರಲ್ಲಿ ಮತ್ತು ಮೆಮೊರಿ ಚಿಪ್‌ಗಳು ತಣ್ಣಗಿರುವುದರಲ್ಲಿ. ಇದೇ ಸದ್ದನ್ನು ಪುಕ್ಕಟೆಯಾಗಿ ತಗ್ಗಿಸುವ ದಾರಿಯೂ ಇದೆ. 4090ರ ಪವರ್ ಮಿತಿಯನ್ನು ಶೇ 80ಕ್ಕೆ, ಅಂದರೆ 360 ವ್ಯಾಟ್‌ಗೆ ಇಳಿಸಿದರೆ ಆಟದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುವುದಿಲ್ಲ. 300 ವ್ಯಾಟ್‌ಗಿಂತ ಕೆಳಗಿನ ಕಾರ್ಡಿಗೆ ನೀರು ಹಾಕಿಸುವುದನ್ನು ನಾವು ಒಪ್ಪುವುದೇ ಇಲ್ಲ.

ನೀರು ಬೇಕೇ ಬೇಕೆನ್ನುವವರು ಕಾರ್ಖಾನೆಯಿಂದಲೇ ಎಐಒ ಜೋಡಿಸಿ ಬರುವ ಕಾರ್ಡ್ ಮೊದಲು ನೋಡಲಿ. ಎಂಎಸ್‌ಐ ಸುಪ್ರಿಮ್ ಲಿಕ್ವಿಡ್ ಎಕ್ಸ್‌ಗೆ 240ರ ರೇಡಿಯೇಟರ್, ಗಿಗಾಬೈಟ್ ಆರಸ್ ವಾಟರ್‌ಫೋರ್ಸ್‌ಗೆ 360ರದು. ವಾರಂಟಿ ಒಂದೇ ಕಂಪನಿಯದಾಗಿ ಉಳಿಯುವುದು ಇವುಗಳ ದೊಡ್ಡ ಗುಣ. ಪ್ರೊಸೆಸರಿಗೂ ಎಐಒ ಇದ್ದರೆ ಎರಡು ರೇಡಿಯೇಟರಿಗೆ ಜಾಗ ಬೇಕಾಗುತ್ತದೆ. ಆಗ ಕಾರ್ಡಿನದನ್ನು ಮುಂಭಾಗದಲ್ಲಿ ಹೊರಗಿನ ತಂಪು ಗಾಳಿ ಎಳೆಯುವಂತೆ, ಪ್ರೊಸೆಸರಿನದನ್ನು ಚಾವಣಿಯಲ್ಲಿ ಹೊರಹಾಕುವಂತೆ ಕೂರಿಸಿ. ಹೆಚ್ಚು ಬಿಸಿಯಾಗುವುದಕ್ಕೆ ಹೆಚ್ಚು ತಂಪಿನ ಗಾಳಿ ಸಿಗಲಿ.

ಕಸ್ಟಮ್ ಲೂಪ್ ಕಟ್ಟುವವರಿಗೆ

ಭಾಗಗಳನ್ನು ಬಿಡಿಬಿಡಿಯಾಗಿ ತಂದು ಕಟ್ಟುವ ಕಸ್ಟಮ್ ಲೂಪ್‌ಗೆ ರೇಡಿಯೇಟರ್ ಎಷ್ಟು ಬೇಕೆಂಬ ಲೆಕ್ಕ ಹೀಗೆ: ಫ್ಯಾನ್ ಸದ್ದು ಹಿತವಾಗಿರುವ ವೇಗದಲ್ಲಿ, ದ್ರವ ಕೋಣೆಗಿಂತ 10 ಡಿಗ್ರಿ ಮೇಲಿದ್ದಾಗ, ಒಂದು 120 ಮಿ.ಮೀ. ಭಾಗ ಸುಮಾರು 80–100 ವ್ಯಾಟ್ ಹೊರಹಾಕುತ್ತದೆ. 4080 ಮತ್ತು 7800ಎಕ್ಸ್3ಡಿ ಇರುವ ಆಟದ ಯಂತ್ರ ಹತ್ತಿರ ಹತ್ತಿರ 400 ವ್ಯಾಟ್, ಅದಕ್ಕೆ 360 ಒಂದು 240 ಒಂದು. 4090 ಮತ್ತು 14900ಕೆ ಇದ್ದರೆ 360 ಎರಡು ಕನಿಷ್ಠ. ಎರಡನ್ನೂ ಒಟ್ಟಿಗೆ ದುಡಿಸಿ ರೆಂಡರ್ ಮಾಡುವವರಿಗೆ ಮೂರು.

ಪಂಪ್ ಡಿ5 ಎಂಬ ಮಾದರಿಯದಿರಲಿ. ಗಂಟೆಗೆ 1,500 ಲೀಟರ್ ಅದರ ಗರಿಷ್ಠ ಹರಿವು. ಲೂಪ್‌ನ ತಡೆ ದಾಟಿ ನಿಜವಾಗಿ ಹರಿಯುವುದು ನಿಮಿಷಕ್ಕೆ ನಾಲ್ಕು ಲೀಟರಿನಷ್ಟು, ಅಷ್ಟು ಸಾಕು. ಅಷ್ಟು ಹರಿವಿನಲ್ಲಿ 500 ವ್ಯಾಟ್ ಸುರಿದರೂ ಲೂಪ್‌ನ ಬಿಸಿ ತುದಿಗೂ ತಣ್ಣನೆ ತುದಿಗೂ ಎರಡು ಡಿಗ್ರಿಯ ವ್ಯತ್ಯಾಸವೂ ಬರುವುದಿಲ್ಲ. ಆದ್ದರಿಂದ ಪ್ರೊಸೆಸರ್ ಮೊದಲೋ ಕಾರ್ಡ್ ಮೊದಲೋ ಎಂದು ತಲೆ ಕೆಡಿಸಿಕೊಳ್ಳದೆ ಕೊಳವೆ ಚಿಕ್ಕದಾಗುವ ದಾರಿ ಹಿಡಿಯಿರಿ. ನೀರಿನ ತೊಟ್ಟಿ ಮಾತ್ರ ಪಂಪಿನ ನೇರ ಹಿಂದೆ, ಪಂಪಿಗಿಂತ ಮೇಲೆ ಇರಬೇಕು.

ಕೊಳವೆಗೆ ನಮ್ಮ ಆಯ್ಕೆ 10/16 ಮಿ.ಮೀ.ನ ಕಪ್ಪು ಇಪಿಡಿಎಂ ರಬ್ಬರ್. ನೋಡಲು ಗಾಜಿನಂತೆ ಹೊಳೆಯುವುದಿಲ್ಲ, ಆದರೆ ಬಣ್ಣ ಮಾಸುವುದಿಲ್ಲ, ಒಳಗೆ ಬಿಳಿ ಪದರ ಕಟ್ಟುವುದಿಲ್ಲ, ಕತ್ತರಿಸಲು ಹರಿತ ಚಾಕು ಸಾಕು. ಪಿಇಟಿಜಿ ಗಟ್ಟಿ ಕೊಳವೆ ಬಗ್ಗಿಸಲು ಹೀಟ್ ಗನ್, ಅಭ್ಯಾಸ ಎರಡೂ ಬೇಕು. ಪಂಪ್ ನಿಂತು ದ್ರವ 60 ಡಿಗ್ರಿ ದಾಟಿದರೆ ಅದು ಮೆತ್ತಗಾಗಿ ಫಿಟ್ಟಿಂಗ್‌ನಿಂದ ಜಾರುವ ಅಪಾಯವೂ ಇದೆ. ಫಿಟ್ಟಿಂಗ್‌ಗಳೆಲ್ಲ ಜಿ 1/4 ಥ್ರೆಡ್‌ನವು. ಕೈಯಲ್ಲಿ ಬಿಗಿಮಾಡಿ, ಸ್ಪ್ಯಾನರ್ ಹಾಕಿದರೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ಲೂಪ್‌ನ ಅತಿ ತಗ್ಗಿನ ಜಾಗದಲ್ಲಿ ಒಂದು ಬಾಲ್ ವಾಲ್ವ್ ಇಟ್ಟೇ ಕಟ್ಟಿ. ಅದಿಲ್ಲದ ಲೂಪ್ ಖಾಲಿ ಮಾಡುವಾಗ ಮದರ್‌ಬೋರ್ಡ್ ಮೇಲೆ ಚೆಲ್ಲುವುದು ಹೆಚ್ಚುಕಡಿಮೆ ಖಾತ್ರಿ.

ತಾಮ್ರದ ಬ್ಲಾಕ್ (ಚಿಪ್ಪಿಗೆ ತಾಗುವ ನೀರಿನ ತಟ್ಟೆ) ಇರುವ ಕಡೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಬೇಡಿ, ಎರಡು ಲೋಹಗಳ ನಡುವೆ ದ್ರವ ಹರಿದಾಗ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಎಐಒಗಳಲ್ಲಿ ಇದೇ ಜೋಡಿ ಇರುತ್ತದೆ ನಿಜ, ಆದರೆ ಅದು ತುಕ್ಕು ತಡೆಯುವ ದ್ರವ ತುಂಬಿ ಸೀಲ್ ಮಾಡಿದ್ದು. ಅಗ್ಗದ ಕಿಟ್ ಕೊಳ್ಳುವಾಗ ರೇಡಿಯೇಟರ್ ಯಾವ ಲೋಹದ್ದೆಂದು ಖಚಿತಪಡಿಸಿಕೊಳ್ಳಿ.

ಹೊಸ ರೇಡಿಯೇಟರಿನೊಳಗೆ ಬೆಸುಗೆಯ ಅಂಟು ಉಳಿದಿರುತ್ತದೆ. ಬಿಸಿ ಡಿಸ್ಟಿಲ್ಡ್ ವಾಟರ್ ತುಂಬಿ ಕುಲುಕಿ ಚೆಲ್ಲಿ. ಬಿಳಿ ಬಟ್ಟೆಯ ಮೇಲೆ ಸುರಿದಾಗ ಕಸ ಕಾಣದಾಗುವ ತನಕ, ಸಾಮಾನ್ಯವಾಗಿ ಮೂರು ನಾಲ್ಕು ಸಲ. ಪೆಟ್ರೋಲ್ ಬಂಕ್ ಪಕ್ಕದ ಅಂಗಡಿಯ ಬ್ಯಾಟರಿ ನೀರು ಈ ತೊಳೆಯುವ ಕೆಲಸಕ್ಕೆ ಆದೀತು, ಲೂಪ್‌ಗೆ ತುಂಬಲು ಬೇಡ. ಅದರಲ್ಲಿ ತುಕ್ಕಿಗೂ ಪಾಚಿಗೂ ತಡೆ ಇಲ್ಲ. ಬಾವಿ ನೀರು, ಒರತೆ ನೀರು ಎಷ್ಟೇ ತಿಳಿಯಾಗಿದ್ದರೂ ಬೇಡ. ಬಣ್ಣವಿಲ್ಲದ, ಸಿದ್ಧ ಕೂಲಂಟ್ ಒಂದೂವರೆ ಲೀಟರ್ ತಂದಿಡಿ. ಹಾಲಿನಂಥ ಗಾಢ ಬಣ್ಣದವು ಫೋಟೊಗೆ ಚೆನ್ನ, ಅದರ ಕಣಗಳು ಬ್ಲಾಕ್‌ನ ಸಣ್ಣ ಗೀರುಗಳಲ್ಲಿ ಕಟ್ಟಿಕೊಳ್ಳುತ್ತವೆ.

ಕಾರ್ಡಿನ ಬ್ಲಾಕ್ ಆ ಕಾರ್ಡಿನ ಬೋರ್ಡಿಗೇ ಹೊಂದಬೇಕು. ‘4080ಕ್ಕೆ’ ಎಂದರೆ ಸಾಲದು, ಯಾವ ಕಂಪನಿಯ ಯಾವ ಮಾದರಿ ಎಂದು ಬೈಕ್‌ಸ್ಕಿ, ಆಲ್ಫಾಕೂಲ್ ಪಟ್ಟಿಯಲ್ಲಿ ಹುಡುಕಿ. ಕಾರ್ಡ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಎಂದು ಕಂಪನಿಗೆ ಇಮೇಲ್ ಬರೆದು ಉತ್ತರ ಪಡೆದು ಇಟ್ಟುಕೊಳ್ಳಿ, ಅಂಗಡಿಯ ಬಾಯಿಮಾತು ಸಾಲದು. ಮೆಮೊರಿ ಚಿಪ್‌ಗಳಿಗೂ ಬ್ಲಾಕ್‌ಗೂ ನಡುವೆ ಇಡುವ ಥರ್ಮಲ್ ಪ್ಯಾಡ್‌ಗಳ ದಪ್ಪ ಬ್ಲಾಕ್‌ನ ಕೈಪಿಡಿಯಲ್ಲಿ ಇದ್ದಂತೆಯೇ ಇರಲಿ. 1 ಮಿ.ಮೀ. ಬೇಕಾದಲ್ಲಿ 1.5 ಹಾಕಿದರೆ ಬ್ಲಾಕ್ ಎದ್ದು ನಿಂತು ಚಿಪ್ಪಿಗೆ ತಾಗುವುದೇ ಇಲ್ಲ. ಅದು ತಿಳಿಯುವುದು ಹೀಗೆ: ಜಿಪಿಯು 60 ತೋರಿಸುವಾಗ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) 95 ಮುಟ್ಟಿದ್ದರೆ ಬ್ಲಾಕ್ ಸರಿಯಾಗಿ ಕೂತಿಲ್ಲ. ಚಿಪ್ಪಿಗೆ ಪೇಸ್ಟ್ ಬದಲು ಹನಿವೆಲ್ ಪಿಟಿಎಂ7950 ಹಾಳೆ ಹಾಕಿದರೆ ಪೇಸ್ಟಿನಂತೆ ಅಂಚಿಗೆ ಸರಿದು ಒಣಗುವ ಕಾಟ ಇಲ್ಲ.

ನೀರು ತುಂಬುವ ದಿನ ಆತುರ ಬೇಡ. ಮದರ್‌ಬೋರ್ಡ್, ಕಾರ್ಡ್, ಡ್ರೈವ್ ಯಾವುದಕ್ಕೂ ವಿದ್ಯುತ್ ಕೊಡದೆ, ಎಸ್‌ಎಂಪಿಎಸ್‌ನ 24 ಪಿನ್ ಪ್ಲಗ್ಗಿಗೆ ಜಂಪರ್ (ಮದರ್‌ಬೋರ್ಡ್ ಇಲ್ಲದೆ ಅದನ್ನು ಆನ್ ಮಾಡುವ ಸಣ್ಣ ಪ್ಲಗ್) ಹಾಕಿ ಪಂಪ್ ಒಂದನ್ನೇ ಓಡಿಸಿ. ತೊಟ್ಟಿ ತುಂಬಿ, ಎರಡು ಮೂರು ಸೆಕೆಂಡ್ ಓಡಿಸಿ, ಮಟ್ಟ ಇಳಿದ ಕೂಡಲೇ ನಿಲ್ಲಿಸಿ, ಮತ್ತೆ ತುಂಬಿ. ಡಿ5ಗೆ ದ್ರವವೇ ಎಣ್ಣೆ, ಒಣಗಿ ಓಡಿದರೆ ಬೇರಿಂಗ್ ಹೋಗುತ್ತದೆ. ಲೂಪ್ ತುಂಬಿದ ಮೇಲೆ ಪ್ರತಿ ಫಿಟ್ಟಿಂಗ್ ಕೆಳಗೂ ಟಿಶ್ಯೂ ಕಾಗದ ಇಟ್ಟು, ಕ್ಯಾಬಿನೆಟ್ಟನ್ನು ನಾಲ್ಕೂ ಕಡೆ ವಾಲಿಸಿ ಗುಳ್ಳೆ ಬಿಡಿಸಿ, 24 ಗಂಟೆ ಓಡಲು ಬಿಡಿ. ಇದಕ್ಕೂ ಮೊದಲು ನೀರಿಲ್ಲದೆ ಗಾಳಿಯಿಂದಲೇ 0.5 ಬಾರ್ ಒತ್ತಡ ತುಂಬಿ ಪರೀಕ್ಷಿಸುವ ಸಣ್ಣ ಪಂಪ್ ಸಿಗುತ್ತದೆ. ಮುಳ್ಳು ಕಾಲು ಗಂಟೆ ಅಲುಗದಿದ್ದರೆ ಧೈರ್ಯವಾಗಿ ತುಂಬಬಹುದು. ಲೂಪ್‌ಗೆ ಇಷ್ಟು ಖರ್ಚು ಮಾಡುವವರು ಅದೊಂದನ್ನು ಬಿಡಬಾರದು.

ವರ್ಷಕ್ಕೊಮ್ಮೆ ದ್ರವ ಬದಲಿಸಲು ಮಳೆ ಶುರುವಾಗುವ ಮುಂಚಿನ ಮೇ ತಿಂಗಳು ಒಳ್ಳೆಯದು. ಬೇಕಾದ ಭಾಗ ತರಿಸಲು ಆಗ ರಸ್ತೆ ತೆರೆದಿರುತ್ತದೆ. ತೆಗೆದ ಹಳೆಯ ಕೂಲಂಟನ್ನು ಅಂಗಳಕ್ಕೋ ತೋಡಿಗೋ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಇದ್ದರೆ ಅದರ ರುಚಿ ಸಿಹಿ, ನಾಯಿ ನೆಕ್ಕಿದರೆ ಬದುಕುವುದು ಕಷ್ಟ. ಮುಚ್ಚಳದ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಹಳೆಯ ಎಂಜಿನ್ ಕೂಲಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಕೊಳ್ಳುವಾಗ

ಮೈಸೂರಿನಲ್ಲಿ ಏರ್ ಕೂಲರ್, ಎಐಒ ಸಿಗುತ್ತವೆ. ಕಸ್ಟಮ್ ಲೂಪ್‌ನ ಭಾಗಗಳಿಗೆ ಆನ್‌ಲೈನೇ ಗತಿ, ಆದ್ದರಿಂದ ಫಿಟ್ಟಿಂಗ್ ಎರಡು, ಓ-ರಿಂಗ್ ನಾಲ್ಕು, ಕೊಳವೆ ಒಂದು ಮೀಟರ್ ಹೆಚ್ಚಿಗೆ ತರಿಸಿ. ಒಂದು ಫಿಟ್ಟಿಂಗ್‌ಗಾಗಿ ವಾರ ಕಾಯುವುದಕ್ಕಿಂತ ಅದು ಅಗ್ಗ. ಎಐಒ ಪಾರ್ಸೆಲ್ ಬಂದಾಗ ಪೆಟ್ಟಿಗೆ ತೆರೆಯುವುದನ್ನು ಒಂದೇ ಓಟದಲ್ಲಿ ವಿಡಿಯೊ ಮಾಡಿ, ರೇಡಿಯೇಟರ್ ರೆಕ್ಕೆ ಮಡಚಿದೆಯೇ, ಕೊಳವೆಯ ಬುಡದಲ್ಲಿ ಜಿಡ್ಡಿದೆಯೇ ನೋಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಪೆಟ್ಟಿಗೆಯನ್ನೂ ಒಳಗಿನ ರಟ್ಟಿನ ಅಚ್ಚನ್ನೂ ವಾರಂಟಿ ಮುಗಿಯುವ ತನಕ ಅಟ್ಟದಲ್ಲಿ ಒಣ ಜಾಗದಲ್ಲಿಡಿ, ಬೇರೆ ಪೆಟ್ಟಿಗೆಯಲ್ಲಿ ಕಳಿಸಿದ ರೇಡಿಯೇಟರ್ ದಾರಿಯಲ್ಲಿ ಜಜ್ಜಿದರೆ ಅದನ್ನು ಬಳಕೆದಾರರ ತಪ್ಪೆಂದೇ ಬರೆಯುತ್ತಾರೆ. ಎಐಒ ಹಾಕಿದವರ ಮನೆಯಲ್ಲಿ ಒಂದು ಅಗ್ಗದ ಒಂಟಿ ಗೋಪುರದ ಏರ್ ಕೂಲರ್, ಅದೇ ಸಾಕೆಟ್ಟಿನ ಹಿಡಿಕೆ ಸಮೇತ, ಒಂದು ಟ್ಯೂಬ್ ಪೇಸ್ಟ್ ಇರಲಿ. ಪಂಪ್ ಹೋದ ದಿನ ಅದನ್ನು ಹಾಕಿ, ಬಯಾಸ್‌ನಲ್ಲಿ ಪವರ್ ಮಿತಿಯನ್ನು 125 ವ್ಯಾಟ್‌ಗೆ ಇಳಿಸಿದರೆ, ವಾರಂಟಿಯ ಕೂಲರ್ ಮರಳುವ ತನಕ 14900ಕೆಯಲ್ಲೂ ಕೆಲಸ ನಿಲ್ಲುವುದಿಲ್ಲ.